ಲಕ್ಷ್ಮಿಯ ಬೆನ್ನ ಹಿಂದಿನ ಗ್ರಾಮಫೋನ್ ಅಂಗಡಿ

ನಮ್ಮ ಮನೆಯಲ್ಲಿ ದೇವರ ಪಟದ ಗಾಜು ಒಡೆಯುವುದು ಯಾವಾಗಲೂ ನಾನು ಧೂಳು ಹೊಡೆಯುವ ದಿನವೇ. ನಿಮ್ಮ ಮನೆಯಲ್ಲೂ ಇಂಥ ಕರ್ಮಠನೊಬ್ಬ ಇದ್ದಾನು. ಗಾಜಿನ ಗೋಜಿಗೆ ಹೋಗಬೇಡಿರೆಂದು ಮನೆಯವರು ಎಷ್ಟು ಎಚ್ಚರಿಸಿದರೂ, ಶುಚಿತ್ವದ ಆವೇಶ ಬಂದಾಗ ನನ್ನ ಕಿವಿ ಮುಚ್ಚಿಹೋಗುತ್ತದೆ. ಈ ಸಲ ಒಡೆದದ್ದು ನಮ್ಮ ದೊಡ್ಡಮ್ಮ ತಮ್ಮ ತವರೂರು ಚಿಂತಾಮಣಿಯಿಂದ ತಂದಿದ್ದ ಲಕ್ಷ್ಮಿಯ ಪಟ. ಅಪರಾಧಿಯ ವಿನಯದಿಂದ ಅದನ್ನು ಅವಚಿಕೊಂಡು ಗೌರಿಬಿದನೂರಿನ ಪೇಟೆಯಲ್ಲಿ ಪಟಕ್ಕೆ ಕಟ್ಟು ಹಾಕುವವನ ಅಂಗಡಿಗೆ ಹೋದೆ.

ಅವನು ಹಿಂಬದಿಯ ರಟ್ಟು ಬಿಚ್ಚಿದಾಗ ಲಕ್ಷ್ಮಿಯ ಬೆನ್ನ ಹಿಂದಿನಿಂದ ಇನ್ನೊಂದು ಚಿತ್ರ ಹೊರಬಂತು. "ಇದ್ಯಾವ್ದೋ ಹಳೇ ಫೋಟೋ ಸಾರ್. ಬಿಸಾಕ್ಲಾ?" ಎಂದ.

ಬೆಳಕಿಗೆ ಹಿಡಿದೆ. ಚಹಾದ ಬಣ್ಣಕ್ಕೆ ತಿರುಗಿದ ಯಾವುದೋ ಮಧ್ಯಾಹ್ನ. ಉಮ್ಮತ್ತಿ ಹೂವಿನಂತೆ ಬಾಯ್ದೆರೆದ ಕಹಳೆಗಳ ಗ್ರಾಮಫೋನುಗಳು ಸಾಲಾಗಿ ಕೂತ ಅಂಗಡಿ. ಗೋಡೆಯ ತುಂಬ ಕಪ್ಪು ಚಂದ್ರರಂತಹ ಪ್ಲೇಟುಗಳು. ಬಾಗಿಲಲ್ಲಿ ಪೇಟ ಸುತ್ತಿದ ಯಜಮಾನ, ಪಕ್ಕದಲ್ಲಿ ಮಗುವನ್ನೆತ್ತಿಕೊಂಡ ಹೆಂಗಸು. ಫೋಟೋ ತೆಗೆಯುವ ಕ್ಷಣಕ್ಕೆ ಸರಿಯಾಗಿ ಆಕೆ ಕಹಳೆಯತ್ತ ತಿರುಗಿಬಿಟ್ಟಿದ್ದರಿಂದ ಮುಖವಿರಬೇಕಾದಲ್ಲಿ ಬರೀ ಮಂಜು. ಪೇಟೆಯ ಗದ್ದಲದ ನಡುವೆ ನಿಂತಿದ್ದ ನನಗೆ, ಯಾವುದೋ ರಾಗವೊಂದು ಆ ಕಹಳೆಯಿಂದ ಹೊರಟು, ನನ್ನವರೆಗೆ ಬರಲಾರದೆ ನಡುದಾರಿಯಲ್ಲೇ ಸುಳಿದಾಡುತ್ತಿರುವಂತೆ ಅನ್ನಿಸಿತು.

ಮನೆಗೆ ತಂದು ತೋರಿಸಿದಾಗ ದೊಡ್ಡಮ್ಮ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಇವ್ರು ನಮ್ಮ ನಾಯ್ನ ಕಣಪ್ಪ. ಮೊದ್ಲು ಪ್ಲೇಟಿನ ಅಂಗಡಿ ಇಟ್ಟಿದ್ರಂತೆ. ನಮ್ಮಮ್ಮ ಹೋದ್ಮೇಲೆ ಮುಚ್ಚಿಬಿಟ್ರಂತೆ," ಎಂದು, ತಂದೆಯ ಮೇಲಿಟ್ಟ ಬೆರಳನ್ನು ಮಗುವನ್ನೆತ್ತಿಕೊಂಡ ಹೆಂಗಸಿನತ್ತ ಮೆಲ್ಲಗೆ ಸರಿಸಿದರು. "ಅವ್ರಿಗೆ ನಾನೊಬ್ಳೇ ಮಗು. ಹಂಗಾದ್ರೆ ಇವ್ಳು..."

ನಡೆಯಲು ಕಲಿಯುವ ಮೊದಲೇ ತಾಯಿಯನ್ನು ಕಳೆದುಕೊಂಡ ಅವರಿಗೆ ಆಕೆಯ ಮುಖದ ನೆನಪಿಲ್ಲ. ಒಂದು ಚಿತ್ರವೂ ಉಳಿದಿಲ್ಲವೆಂದೇ ನಾವೆಲ್ಲ ನಂಬಿದ್ದೆವು. ಸಿಕ್ಕಿಯೂ ಸಿಗದಂತಾಯಿತಲ್ಲ ಎಂದು ಮರುಗಿ, "ಮೊಬೈಲಲ್ಲಿ ಸರಿ ಮಾಡ್ಬೋದು ದೊಡ್ಡಮ್ಮ. ಕಣ್ಣು ಮೂಗು ಎಲ್ಲಾ ಬರತ್ತೆ," ಎಂದೆ.

ಅವರ ಕಣ್ಣು ಅರಳಿತು. "ನಮ್ಮಮ್ಮನ ಮುಖಾನೇ ಬರತ್ತಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಹೇಳಕ್ಕಾಗಲ್ಲ. ಅದಕ್ಕೆ ತೋಚಿದ್ದು ಬರತ್ತೆ."

ಅವರು ಮತ್ತೆ ಆ ಮಂಜನ್ನೇ ದಿಟ್ಟಿಸಿದರು. "ಹಂಗಾದ್ರೆ ಬೇಡಪ್ಪ. ಯಾರನ್ನೋ ಅಮ್ಮ ಅಂದ್ಕೊಂಡು ಕೂತ್ಕೊಳ್ಲಾ ನಾನು?"

ಹೊಸ ಕಟ್ಟಿನೊಳಗೆ ಕೂತು ಆ ಹಳೆಯ ಫೋಟೋ ಮನೆಗೆ ಬಂದ ಸಂಜೆ, ಗತಿಸಿದ ಹಿರಿಯರ ಸಾಲಿನಲ್ಲಿ ಅದನ್ನು ತೂಗುಹಾಕಿ, ವಾಡಿಕೆಯಂತೆ ಗಂಧದ ಹಾರವನ್ನು ಕೈಗೆತ್ತಿಕೊಂಡೆ. ದೊಡ್ಡಮ್ಮ ತಡೆದರು.

"ಹಾರ ಬೇಡ ಕಣಪ್ಪ. ಅವ್ಳಿನ್ನೂ ಹಾಡು ಕೇಳ್ತಾ ಇದಾಳೆ."