ಹೋವಾಳ ಬಾಳೆಹಣ್ಣಿನ ಚೆ

ಹೋವಾಳ ಎಡಗೈಯ ಹಿಂಬದಿಯಲ್ಲಿ ಸಾಸಿವೆ ಕಾಳಿನಷ್ಟು ಪುಟ್ಟ ಪುಟ್ಟ ಸುಟ್ಟ ಕಲೆಗಳು ಹತ್ತಾರಿದ್ದವು. ಒಲೆಯ ಮೇಲೆ ಏನೇ ಕುದಿಯುತ್ತಿರಲಿ, ಚಮಚದಿಂದ ಒಂದು ತೊಟ್ಟು ಆ ಕೈಯ ಮೇಲೆ ಬಿಟ್ಟುಕೊಂಡು, ಕಣ್ಣು ಮುಚ್ಚಿ ನೆಕ್ಕಿ, ಆಮೇಲೆ ತಲೆಯಾಡಿಸುವಳು, ಇಲ್ಲವೇ ಹುಬ್ಬು ಗಂಟಿಕ್ಕುವಳು. ಒಂದು ಅಡುಗೆಗೆ ಹತ್ತು ಸಲ. ದೇವರಿಗೆ ತೋರಿಸುವ ಮೊದಲು ಮೂಸಿ ಕೂಡ ನೋಡಬಾರದು ಅನ್ನುವ ಮನೆಯಲ್ಲಿ ಬೆಳೆದ ನನಗೆ ಅದನ್ನು ನೋಡಿದರೆ ಮೈ ಉರಿಯುತ್ತಿತ್ತು.

ಎಂಬತ್ತರ ದಶಕದ ಕೊನೆ. ನಾವು ಮೈಸೂರಿನಿಂದ ಸಿಡ್ನಿಗೆ ಬಂದು ಪ್ಯಾರಮಟ್ಟಾದ ಕೆಂಪಿಟ್ಟಿಗೆಯ ಫ್ಲಾಟೊಂದರಲ್ಲಿ ರೆಂಟಿಗಿದ್ದೆವು. ಕೆಳಗಿನ ಮನೆ ಹೋವಾಳದು. ವಿಯೆಟ್ನಾಮಿನಿಂದ ದೋಣಿಯಲ್ಲಿ ಬಂದವಳು. ಗಂಡ ದಾರಿಯಲ್ಲೇ ತೀರಿಕೊಂಡಿದ್ದ. ಜೊತೆಗುಳಿದವಳು ಮಗಳು ಲಿನ್ ಒಬ್ಬಳೇ. ಹೋವಾ ದಿನವಿಡೀ ಮನೆಯಲ್ಲೇ ಕೂತು ಶರ್ಟಿನ ಕಾಲರ್ ಹೊಲಿಯುತ್ತಿದ್ದಳು. ಅವಳ ಇಂಗ್ಲಿಷು ಅರ್ಧ, ನನ್ನದು ಮುಕ್ಕಾಲು. "ಅದ್ಯಾವ ಭಾಷೇಲಿ ಇಷ್ಟು ಹರಟ್ತೀರೋ ನೀವಿಬ್ಬರೂ" ಅಂತ ನಮ್ಮವರು ರೇಗಿಸುತ್ತಿದ್ದರು.

ಸ್ನೇಹ ಗಂಟು ಬಿದ್ದದ್ದು ಒಂದು ಬಟ್ಟಲಿನಿಂದ. ಒಂದು ಭಾನುವಾರ ಬಂದು, "ಚೆ. ತಿನ್ನು" ಅಂತ ಕೈಗಿತ್ತಳು. ಗಟ್ಟಿ ತೆಂಗಿನಹಾಲು, ಅದರಲ್ಲಿ ಬಾಳೆಹಣ್ಣಿನ ತುಂಡು, ಸಬ್ಬಕ್ಕಿ, ಮೇಲೆ ಹುರಿದು ಕುಟ್ಟಿದ ಕಡಲೆಕಾಯಿ ಬೀಜ. ಅಯ್ಯೋ, ಇದು ನಮ್ಮ ರಸಾಯನವೇ ಅನ್ನಿಸಿತು. ಆದರೆ ಉಪ್ಪು ಬಿದ್ದಿತ್ತು. ಪಾಪ, ಕೈತಪ್ಪಿ ಬಿದ್ದಿರಬೇಕು ಅಂದುಕೊಂಡು ಮಾರನೆಯ ದಿನ ತಿದ್ದಲು ಹೊರಟೆ. ತೆಂಗಿನಕಾಯಿ ವಿಷಯದಲ್ಲಿ ನನಗೆ ಹೇಳಿಕೊಡುವವರು ಈ ಭೂಮಿಯ ಮೇಲೆ ಹುಟ್ಟಿಲ್ಲ ಅನ್ನುವ ಜಂಬ ನನಗಿತ್ತು, ಸುಳ್ಳೇಕೆ ಹೇಳಲಿ.

ತಿದ್ದಲು ಹೋದವಳು ತಿದ್ದಿಸಿಕೊಂಡು ಬಂದೆ. "ಉಪ್ಪು ಇಲ್ಲ, ಸಿಹಿ ಮಲಗಿರುತ್ತೆ. ಎಬ್ಬಿಸಬೇಕು" ಅಂದಳು ಹೋವಾ. ಉಪ್ಪಿಗಿಂತ ರುಚಿಯಿಲ್ಲ ಅಂತ ಗಾದೆ ಹೇಳುತ್ತಲೇ ಬೆಳೆದವಳಿಗೆ ಅದರ ಅರ್ಥ ಪ್ಯಾರಮಟ್ಟಾದಲ್ಲಿ ತಿಳಿಯಿತು. ಅವಳ ಕ್ರಮ ಹೀಗೆ: ಬಾಳೆಹಣ್ಣನ್ನು ದಪ್ಪ ದಪ್ಪ ಹೆಚ್ಚಿ, ಸಕ್ಕರೆ ಮತ್ತು ಚಿಟಿಕೆ ಉಪ್ಪು ಸವರಿ ಅರ್ಧ ಗಂಟೆ ಸುಮ್ಮನೆ ಬಿಡಬೇಕು. ಸಬ್ಬಕ್ಕಿ ಬೇರೆ ಬೇಯಬೇಕು. ತೆಳು ತೆಂಗಿನಹಾಲಿನಲ್ಲಿ ಹಣ್ಣು ಬೆಂದ ಮೇಲೆ ಗಟ್ಟಿ ಹಾಲು, ಸಣ್ಣ ಉರಿ. ಕುದಿ ಜೋರಾದರೆ ಹಾಲು ಒಡೆಯುತ್ತದೆ. "ಹಣ್ಣಿಗೆ ಅವಸರ ಮಾಡಿದ್ರೆ ಅಳುತ್ತೆ" ಅನ್ನುವಳು.

ಅಂಗಡಿಗೆ ಅವಳ ಜೊತೆ ಹೋಗುವುದು ಇನ್ನೊಂದು ಪಾಠ. ದೊಡ್ಡ ಬಾಳೆಹಣ್ಣು ಅವಳಿಗೆ ಬೇಡ, ಬೆಂದರೆ ಗಂಜಿಯಾಗುತ್ತದೆ. ಗಿಡ್ಡ ಹಣ್ಣೇ ಬೇಕು, ನಮ್ಮ ಏಲಕ್ಕಿ ಬಾಳೆಗೆ ದಾಯಾದಿಯಂಥದ್ದು. ಒಂದೊಂದನ್ನೂ ಹೆಬ್ಬೆರಳಿನಿಂದ ಮುಟ್ಟಿ ನೋಡುವಳು. ಅಂಗಡಿಯವನು ಹಿಸುಕಬೇಡ ಅಂತ ಗದರಿದರೆ, "ಹಿಸುಕಲ್ಲ. ಕೇಳ್ತಾ ಇದೀನಿ" ಅಂತ ತಣ್ಣಗೆ ಹೇಳಿ ಮುಂದಿನ ಗೊನೆಗೆ ಕೈ ಹಾಕುವಳು. ಅಷ್ಟು ಖಾತ್ರಿ ಅವಳಿಗೆ ತನ್ನ ಕೈಮೇಲೆ.

ಲಿನ್ ಓದು ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಮೆಲ್ಬರ್ನಿನ ಹುಡುಗನೊಬ್ಬನನ್ನು ಮೆಚ್ಚಿದಳು. ಹುಡುಗನ ತಾಯಿ ಮಿಸೆಸ್ ತ್ರಾನ್ ಬಹಳ ಖಡಕ್ಕು. ಮನೆತನ ನೋಡದೆ ಮಾತಿಲ್ಲ ಅಂದಿದ್ದರಂತೆ. ತೋರಿಸಲು ಹೋವಾಳಿಗೆ ಅಣ್ಣತಮ್ಮನಿಲ್ಲ, ಅತ್ತೆ ಮಾವನಿಲ್ಲ, ಮಗಳ ಪಕ್ಕ ಕೂರಲು ಒಬ್ಬರಿಲ್ಲ. ಬೀಗಿತ್ತಿ ಬರುವ ಹಿಂದಿನ ದಿನ ನಮ್ಮ ಬಾಗಿಲಿಗೆ ಬಂದು, "ಸರೋಜಾ, ನಾಳೆ ನೀನು ನನ್ನ ಕಡೆಯವಳು. ಒಳ್ಳೇ ಸೀರೆ ಉಡು" ಅಂದಳು. ಅದು ಬೇಡಿಕೆಯಲ್ಲ, ಅಪ್ಪಣೆ.

ಉಟ್ಟೆ. ಬೆಳಗ್ಗೆಯೇ ಹೋಗಿ ಕಾಯಿ ತುರಿದು ಹಾಲು ಹಿಂಡಿಕೊಟ್ಟೆ. ದೊಡ್ಡ ಪಾತ್ರೆ ತುಂಬ ಚೆ ತಯಾರಾಯಿತು. ಹತ್ತು ಸಲ ರುಚಿ ನೋಡಿ, ಉರಿ ಆರಿಸಿ, ಹೋವಾ ಸ್ನಾನಕ್ಕೆ ಹೋದಳು. ಆಗ ನನ್ನ ಕೈ ಸುಮ್ಮನಿರಲಿಲ್ಲ. ಮೈಸೂರಿನಿಂದ ಅಮ್ಮ ಕಳಿಸಿದ್ದ ಪಚ್ಚಕರ್ಪೂರ, ಹಾರಿಹೋಗದಿರಲೆಂದು ಮೆಣಸಿನಕಾಳಿನ ಜೊತೆ ಕಟ್ಟಿಟ್ಟದ್ದು, ನನ್ನ ಚೀಲದಲ್ಲಿತ್ತು. ಶುಭಕಾರ್ಯದ ಸಿಹಿ, ಘಮ ಇಲ್ಲದಿದ್ದರೆ ಹೇಗೆ? ಎರಡು ಚೂರು ಪುಡಿ ಮಾಡಿ ಹಾಕಿದೆ. ಕೈಯಲ್ಲಿ ಉಳಿದದ್ದನ್ನು ಒರೆಸುವ ಬದಲು ಅದನ್ನೂ ಹಾಕಿದೆ. ರುಚಿ ನೋಡಲಿಲ್ಲ, ನಾವು ನೋಡುವುದಿಲ್ಲವಲ್ಲ.

ಹೋವಾ ಬಂದು ಮುಚ್ಚಳ ತೆಗೆದಳು. ಅವಳ ಹುಬ್ಬು ಗಂಟಾಯಿತು. ವಿಯೆಟ್ನಾಮಿನವರ ಮನೆಮನೆಯಲ್ಲೂ ತಲೆನೋವಿಗೆ ಹಚ್ಚುವ ಒಂದು ಹಸಿರು ಎಣ್ಣೆ ಇರುತ್ತದೆ. ಪಾತ್ರೆಯಿಂದ ಥೇಟ್ ಅದೇ ವಾಸನೆ ಎದ್ದಿತ್ತು. ಬೇರೆ ಹಣ್ಣಿಲ್ಲ, ಹೊತ್ತಿಲ್ಲ, ಹೊರಗೆ ಟ್ಯಾಕ್ಸಿ ನಿಂತ ಸದ್ದು. "ನಾನೇ..." ಅಂತ ತೊದಲಿದೆ. "ಗೊತ್ತು. ಬಟ್ಟಲು ತೆಗಿ" ಅಂದಳು. ಬೈಗುಳವಿಲ್ಲ, ಗೊಣಗಾಟವಿಲ್ಲ.

ಮಿಸೆಸ್ ತ್ರಾನ್ ಒಂದು ಚಮಚ ಬಾಯಿಗಿಟ್ಟು ಚಮಚವನ್ನು ಕೆಳಗಿಟ್ಟರು. ತಮ್ಮ ಭಾಷೆಯಲ್ಲಿ ಏನೋ ಕೇಳಿದರು. ಹೋವಾ ಬೆನ್ನು ನೆಟ್ಟಗೆ ಮಾಡಿ ಉತ್ತರ ಕೊಟ್ಟಳು. ನನಗೆ ಒಂದಕ್ಷರ ತಿಳಿಯಲಿಲ್ಲ. ಪಕ್ಕದಲ್ಲಿದ್ದ ಲಿನ್ ಮೆಲ್ಲಗೆ ಇಂಗ್ಲಿಷಿನಲ್ಲಿ, "ತಾನೇ ಹಾಕಿದ್ದು, ವಯಸ್ಸಾಯ್ತು, ಡಬ್ಬಿ ತಪ್ಪಿತು ಅಂತಿದಾಳೆ" ಅಂದಳು. ನಾನು ಬಾಯಿ ತೆರೆದೆ. ಹೋವಾ ನನ್ನ ಮೊಣಕಾಲನ್ನು ಗಟ್ಟಿಯಾಗಿ ಒತ್ತಿ ಹಿಡಿದಳು. ಬಾಯಿ ಮುಚ್ಚಿದೆ. ತನ್ನ ಕೈಮೇಲೆ ಅಷ್ಟು ಖಾತ್ರಿಯಿದ್ದ ಹೆಂಗಸು, ಮಗಳ ಬದುಕು ತೂಗುತ್ತಿದ್ದ ಹೊತ್ತಿನಲ್ಲಿ, ನನ್ನ ಅಧಿಕಪ್ರಸಂಗಕ್ಕೆ ತಾನು ತಲೆಕೊಟ್ಟಳು. ಆ ನಾಚಿಕೆ ನನ್ನನ್ನು ವರ್ಷಗಟ್ಟಲೆ ಸುಟ್ಟಿತು.

ಮದುವೆಯೇನೋ ಆಯಿತು. ಮಗಳ ಹಿಂದೆ ಹೋವಾಳೂ ಮೆಲ್ಬರ್ನಿಗೆ ಹೋದಳು. ಫೋನಿನಲ್ಲಿ ನಾನು ಆ ಮಾತೆತ್ತಿದಾಗಲೆಲ್ಲ, "ಹಳೇ ಪಾತ್ರೆ, ತೊಳೆದಾಯ್ತು" ಅಂತ ಮುಗಿಸಿಬಿಡುತ್ತಿದ್ದಳು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ, ಮೂರೇ ತಿಂಗಳ ಕಾಯಿಲೆಯಲ್ಲಿ, ಹೋಗಿಬಿಟ್ಟಳು. ವರ್ಷದ ತಿಥಿಗೆ ಲಿನ್ ಕರೆದಳು. ಮೆಲ್ಬರ್ನಿನ ಅವಳ ಮನೆಯಲ್ಲಿ ಚೆ ಮಾಡಿ ಹೋವಾಳ ಫೋಟೋದ ಮುಂದಿಟ್ಟೆ.

ಊಟದ ಹೊತ್ತಿನಲ್ಲಿ ಮಿಸೆಸ್ ತ್ರಾನ್ ಪಕ್ಕದಲ್ಲಿದ್ದರು. ಇನ್ನು ತಡೆಯಲಾಗಲಿಲ್ಲ. "ಆ ದಿನ ಪಾತ್ರೆ ಕೆಡಿಸಿದ್ದು ಹೋವಾ ಅಲ್ಲ, ನಾನು" ಅಂದೆ.

"ಆವತ್ತೇ ಗೊತ್ತಿತ್ತು" ಅಂದರು ಅವರು, ನನ್ನ ತಟ್ಟೆಗೆ ಅನ್ನ ಬಡಿಸುತ್ತ. "ನಿಮ್ಮ ಮುಖದಲ್ಲೇ ಬರೆದಿತ್ತು. ನಂಟರಿಲ್ಲದ ಮನೆ, ಹುಡುಗಿ ಬೇಡ ಅಂತ ಹೇಳೋಕೇ ಬಂದಿದ್ದೆ. ಅವಳು ನಿಮ್ಮನ್ನ ಬಿಟ್ಟುಕೊಡಲಿಲ್ಲ. ಇಂಥವಳ ಮಗಳಿಗೆ ನಂಟರ ಕೊರತೆ ಬರಲ್ಲ ಅನ್ನಿಸ್ತು. ಒಪ್ಪಿದೆ."