ಖಂಡೇನವಮಿಗೆ ಆರಿಸಿದ ಹೀಟರ್

ಬಣ್ಣ, ಹೊತ್ತು, ಯಾರು ಎಲ್ಲಿ ನಿಂತಿದ್ದರು ಎಂಬುದು, ಇವುಗಳಲ್ಲಿ ಕೆಲವನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಅಲುಗಾಡದೆ ಉಳಿದಿರುವುದು ಒಂದು ಮೀಟರಿನ ಮುಳ್ಳು ಮಾತ್ರ. ಅಷ್ಟು ಗಟ್ಟಿಯಾಗಿ ಉಳಿದಿದೆ ಎಂಬ ಕಾರಣಕ್ಕೇ ಅದರ ಮೇಲೆ ನನಗೆ ಸಂಶಯ.

ಬೈಲಹೊಂಗಲದಿಂದ ಸವದತ್ತಿಗೆ ಹೋಗುವ ರಸ್ತೆಯ ಬದಿಗೆ ಕಾಕಾನ ವರ್ಕ್‌ಶಾಪು. ಅಜ್ಜನವರೆಗೆ ನಮ್ಮ ಮನೆಯವರೆಲ್ಲ ಪೂಜೆ, ಪುರಾಣ ಮಾಡಿಕೊಂಡಿದ್ದವರು. ಕಾಕಾ ಹೀಟರ್ ಮಾಡುತ್ತಾನೆ. ಮೊದಲು ಗೀಸರ್‌ಗಳಿಗೆ, ಆಮೇಲೆ ಕಾರ್ಖಾನೆಯ ಕುಲುಮೆಗಳಿಗೆ. ಹೋದ ವರ್ಷ ಹೊರದೇಶದ ಕಂಪನಿಯೊಂದು ಹೊಸದನ್ನು ಕೇಳಿತು: ನೆಲದಾಳದ ಶೇಲ್ ಕಲ್ಲನ್ನು ಅಗೆಯದೆ, ಇದ್ದಲ್ಲೇ ಕಾಯಿಸಿ ಎಣ್ಣೆ ಬಿಡಿಸುವಂಥ ಹೀಟರ್. ಬೋರ್‌ವೆಲ್ಲಿನಂಥ ರಂಧ್ರಕ್ಕೆ ಒಮ್ಮೆ ಇಳಿಸಿದರೆ ಅದು ವರ್ಷಗಟ್ಟಲೆ ಕೆಂಪಗೆ ಕಾದೇ ಇರಬೇಕು. ಮತ್ತೆ ಮತ್ತೆ ಮೇಲೆತ್ತಿ ರಿಪೇರಿ ಮಾಡುವಂತಿಲ್ಲ.

"ಮನ್ಯಾಗಿನ ಬಂಬದ ನೀರು ಕಾಯಂಗಿಲ್ಲ, ಇವರು ಪಾತಾಳ ಕಾಯಸ್ಲಿಕ್ಕೆ ಹೊಂಟಾರ," ಎಂದು ಕಾಕಾನ ಹೆಂಡತಿ, ನಮ್ಮ ಕಾಕು, ನಗುತ್ತಿದ್ದಳು.

"ಪಾತಾಳದಾಗ ಸ್ನಾನಕ್ಕ ಅವಸರ ಮಾಡವ್ರು ಯಾರೂ ಇಲ್ಲ," ಎನ್ನುತ್ತಿದ್ದ ಕಾಕಾ.

ಶೆಡ್ಡಿನ ಹಿಂದೆ ಗುಂಡಿ ತೋಡಿ, ಹೀಟರನ್ನು ಕಲ್ಲುಪುಡಿಯಲ್ಲಿ ಹುಗಿದು, ಗಣಪತಿ ಹಬ್ಬ ಮುಗಿದಾಗಿನಿಂದ ಕಾಯಿಸುತ್ತಲೇ ಇದ್ದ. ಕರೆಂಟು ಹೋದರೆ ಜನರೇಟರ್. ಇಷ್ಟು ಕಾದದ್ದು ತಣ್ಣಗಾಗಿ ಮತ್ತೆ ಕಾದರೆ ಲೋಹದ ಮೈ ಬಿರಿಯುತ್ತದೆ ಎಂದು ಅವನೇ ನನಗೆ ಹೇಳಿದ್ದು.

ಖಂಡೇನವಮಿ, ಅಂದರೆ ಆಯುಧಪೂಜೆ, ಬಂತು. ಅಂದು ನಮ್ಮಲ್ಲಿ ಯಾವ ಹತ್ಯಾರೂ ದುಡಿಯಬಾರದು. ಪಾನಾ, ಡ್ರಿಲ್ಲು ಎಲ್ಲ ಕುಂಕುಮ ಹಚ್ಚಿಸಿಕೊಂಡು ಜಮಖಾನೆಯ ಮೇಲೆ ಕೂತಿದ್ದವು. "ಅದೊಂದಕ್ಕ ಯಾಕ ಸೂಟಿ ಇಲ್ಲ? ಪೂಜಿ ಆಗೂತನಕ ಆರಸ್ರಿ," ಎಂದಳು ಕಾಕು. ಕಾಕಾ ವಾದಕ್ಕಿಳಿಯುತ್ತಾನೆ ಅಂದುಕೊಂಡೆ. "ಆತು, ನೀನ ಆರಸು," ಎಂದುಬಿಟ್ಟ. ಅವಳು ಸ್ವಿಚ್ಚಿಗೆ ಕೈ ಹಾಕುವಾಗ ಅದರ ಮೇಲಿನ ಕರೆಂಟಿನ ಮೀಟರಿನ ಮುಳ್ಳು ಆಗಲೇ ಸೊನ್ನೆಯ ಮೇಲಿತ್ತು. ಹಾಗೆಂದು ನನ್ನ ನೆನಪು.

ಸಂಜೆ ಮತ್ತೆ ಹಚ್ಚಿದರೆ ಕಾಯಲಿಲ್ಲ. ಮೇಲೆತ್ತಿದಾಗ ಪೈಪಿನ ಮೈ ಉಳ್ಳಾಗಡ್ಡಿ ಸಿಪ್ಪೆಯಂತೆ ಎದ್ದಿತ್ತು, ಒಳಗಿನ ತಂತಿ ತುಂಡಾಗಿತ್ತು. ಪೂಜೆಗೆಂದು ಮನೆಯವರು ಆರಿಸಿದ್ದರಿಂದ ಹೀಗಾಯಿತು ಎಂದು ಕಾಕಾ ಕಂಪನಿಗೆ ತಿಳಿಸಿದ. ಅವರು ಇನ್ನೊಂದು ಪರೀಕ್ಷೆಗೆ ಒಪ್ಪಿದರು. ಹೀಟರ್ ತಾನಾಗಿ ಕೆಟ್ಟಿದ್ದರೆ ಒಪ್ಪುತ್ತಿರಲಿಲ್ಲವೇನೋ.

ಕಾಕು ಅಂದಿನಿಂದ ಶೆಡ್ಡಿನೊಳಗೆ ಕಾಲಿಟ್ಟಿಲ್ಲ. ಚಹಾ ಕೂಡ ಬಾಗಿಲಲ್ಲೇ ಇಟ್ಟು ಬರುತ್ತಾಳೆ. ಬಂದವರ ಮುಂದೆಲ್ಲ, "ನನ್ನ ಕೈ ಹತ್ತಿ ಹಾಳಾತು ನೋಡ್ರಿ," ಎನ್ನುತ್ತಾಳೆ. ಪಾತಾಳದ ಚೇಷ್ಟೆಮಾತು ನಿಂತಿದೆ.

ಸಾಕಷ್ಟು ಕಾದಾಗ ಕರೆಂಟು ತಾನಾಗಿ ನಿಲ್ಲುವ ವ್ಯವಸ್ಥೆ ಅದಕ್ಕಿತ್ತು. ಮುಳ್ಳು ಆ ಗಳಿಗೆಗಷ್ಟೇ ಇಳಿದಿರಬಹುದು. ಅಥವಾ ಕಾಕುವಿನ ಮುಖ ನೋಡಲಾರದೆ, ಅವಳನ್ನು ತಪ್ಪಿನಿಂದ ಬಿಡಿಸಲು ಬೇಕಾದ ಮುಳ್ಳನ್ನು ನಾನೇ ಆಮೇಲೆ ನೆನಪಿಗೆ ಸೇರಿಸಿಕೊಂಡಿರಬಹುದು. ಈ ಸಂಶಯ ತೀರಿಸಬಲ್ಲವನು ಒಬ್ಬನೇ.

ಮೊನ್ನೆ ಬಾಗಿಲಲ್ಲಿ ಆರುತ್ತಿದ್ದ ಚಹಾವನ್ನು ನಾನೇ ಒಳಗೆ ಒಯ್ದೆ. ಕಾಕಾ ಎರಡನೆಯ ಹೀಟರಿನ ಮೀಟರ್ ನೋಡುತ್ತ ನಿಂತಿದ್ದ. ಕಪ್ಪು ತೆಗೆದುಕೊಂಡ, ನನ್ನ ಕಡೆ ತಿರುಗಲಿಲ್ಲ. ಕೇಳಿದೆ:

"ಕಾಕಾ, ಕಾಕು ಆರಸೂಕಿಂತ ಮೊದಲ ಅದು ಹೋಗಿತ್ತು ಅಂತ ನಿನಗ ಗೊತ್ತಿತ್ತೇನು?"