ಮಾವ ಬಿದಿಗೆ ಚಂದ್ರನನ್ನು ನೋಡದ ವರ್ಷ

ಯುಗಾದಿಯ ಮಾರನೆಯ ಸಂಜೆ ಮೊಮ್ಮಕ್ಕಳು ಮಹಡಿಯಿಂದ ಕೂಗುತ್ತವೆ, ‘ಅಜ್ಜೀ, ಚಂದ್ರ ಕಾಣಿಸ್ತು, ಬೇಗ ಬಾ.’ ನಾನು ಕೂತಲ್ಲಿಂದ ಏಳುವುದಿಲ್ಲ. ಆ ಮೆಟ್ಟಿಲು ಹತ್ತುವ ಶಕ್ತಿ ಮೊಣಕಾಲಿಗೂ ಇಲ್ಲ, ಮನಸ್ಸಿಗೂ ಇಲ್ಲ. ನೂಲಿನ ಎಳೆಯಂಥ ಆ ಚಂದ್ರನಿಗೋಸ್ಕರ ನಾನು ಪಟ್ಟ ಪಾಡು ಒಂದು ಜನ್ಮಕ್ಕೆ ಸಾಕು. ಆಮೇಲೆ ಅವೇ ಇಳಿದು ಬಂದು ಕಾಲಿಗೆ ಬೀಳುತ್ತವೆ. ಚೆನ್ನಾಗಿರ್ರಪ್ಪಾ ಅಂತೀನಿ.

ಐವತ್ತರ ದಶಕದ ಮಾತು. ನಾನು ಹೊಸಹಳ್ಳಿಗೆ ಸೊಸೆಯಾಗಿ ಬಂದು ಇನ್ನೂ ಎರಡು ಯುಗಾದಿ ಕಂಡಿರಲಿಲ್ಲ. ನಮ್ಮದು ರಾಗಿ, ಅವರೆ ಬೆಳೆಯುವ ಮನೆ. ಮಾವ ದೊಡ್ಡವರು, ಅವರ ತಮ್ಮ ಚಿಕ್ಕಮಾವ ಪಕ್ಕದ ಮನೆ. ಇಬ್ಬರಿಗೂ ಅಂಗಳ ಒಂದೇ. ಬಾವಿ ಮಾತ್ರ ಭಾಗವಾಗುವಾಗ ಚಿಕ್ಕಮಾವನ ಹಿತ್ತಲಿಗೆ ಸೇರಿತ್ತು. ಸೇರಿದರೇನು, ಎರಡು ಮನೆಯ ಹೆಂಗಸರೂ ಅಲ್ಲೇ ಸೇದುತ್ತಿದ್ದೆವು, ಅಲ್ಲೇ ಹರಟುತ್ತಿದ್ದೆವು.

ಶಿವರಾತ್ರಿ ಕಳೆದ ಮೇಲೆ ಒಂದು ದಿನ, ರಾಜಾಜಿನಗರದ ಬಡಾವಣೆ ಇತ್ತಲಾಗೂ ಬರುತ್ತದೆಂದು ಸರ್ವೆಯವರು ಹೊಲ ಅಳೆಯಲು ಬಂದರು. ಮಾವ ಊರಲ್ಲಿರಲಿಲ್ಲ. ಚಿಕ್ಕಮಾವ ಒಳ್ಳೆಯ ಮನುಷ್ಯ, ಎದುರಿಗೆ ಯಾರು ಬಂದರೂ ಉಪಚಾರ ಮಾಡುವ ಚಾಳಿ. ಬಿಸಿಲಲ್ಲಿ ಬಂದಿದಾರೆ ಪಾಪ ಅಂತ ಮಜ್ಜಿಗೆ ಕೊಟ್ಟರು. ಅಷ್ಟಕ್ಕೇ ಬಿಡಬೇಕಿತ್ತು. ಅವರ ಕಡೆ ಒಬ್ಬ ಆಳು ಕಡಿಮೆ ಇದ್ದ ಅಂತ ಅಳೆಯುವ ಸರಪಳಿಯ ಒಂದು ತುದಿಯನ್ನು ತಾವೇ ಹಿಡಿದುಕೊಂಡು ನಮ್ಮ ಹೊಲದ ಉದ್ದಕ್ಕೂ ನಡೆದರು.

ಮಾವ ಬಂದವರೇ ಕೇಳಿ ಕೆಂಡವಾದರು. ‘ಲೋ, ಅಪ್ಪ ಮಾಡಿಟ್ಟ ಹೊಲಾನ ಅಳ್ಯಾಕೆ ನೀನೇ ಸರಪಣಿ ಹಿಡಿದ್ಯೇನೋ? ಇನ್ಮ್ಯಾಕೆ ನಿನ್ನ ಬಾವಿ ನೀರು ನನ್ನ ಹೊಸಲು ದಾಟಿದ್ರೆ ಕೇಳು!’

ಹೇಳಿದ್ದು ಅವರು. ಹೊತ್ತಿದ್ದು ನಾನು. ಅವತ್ತಿನಿಂದ ನೀರಿಗೆ ರಾಜಾಜಿನಗರದ ಕಡೆ ಹೊಸದಾಗಿ ಹಾಕಿದ್ದ ಬೀದಿ ನಲ್ಲಿಗೆ ಹೋಗಬೇಕಾಯಿತು. ಹೊಲದ ಬದು, ಹಳ್ಳ, ಆಮೇಲೆ ಜಲ್ಲಿ ಸುರಿದ ರಸ್ತೆ. ಅತ್ತೆಗೆ ಸೊಂಟ ಹಿಡಿದಿತ್ತು. ನಮ್ಮವರು ಗಿರಣಿ ಕೆಲಸಕ್ಕೆ ಬೆಳಕು ಹರಿಯುವ ಮುಂಚೆ ಹೋದರೆ ದೀಪ ಹಚ್ಚಿದ ಮೇಲೆ ಬರುವವರು, ಅಪ್ಪನ ಮುಂದೆ ಬಾಯಿ ಬಿಡುವ ಗಂಡಸೂ ಅಲ್ಲ. ಚಿಕ್ಕತ್ತೆ ಹಿತ್ತಲಿನಿಂದ ಪಿಸುಗುಡುತ್ತಿದ್ದರು, ‘ಬಾರೇ, ಯಾರೂ ನೋಡಕ್ಕಿಲ್ಲ, ಎಲ್ಡು ಬಿಂದಿಗೆ ಸೇದ್ಕಂಡೋಗು.’ ಅತ್ತೆ ಬೇಡವೆಂದು ತಲೆಯಾಡಿಸುತ್ತಿದ್ದರು. ಬಾವಿಯ ನೀರು ಸಿಹಿ, ನಲ್ಲಿಯ ನೀರಿಗೆ ಔಷಧಿ ವಾಸನೆ. ಒಂದು ಗುಟುಕಿನಲ್ಲಿ ಮಾವನಿಗೆ ಗೊತ್ತಾಗಿಬಿಡುತ್ತಿತ್ತು.

ಯುಗಾದಿ ಬಂದರೆ ಸರಿಹೋಗುತ್ತದೆ ಅಂತ ಎಲ್ಲರೂ ಕಾದೆವು. ನಮ್ಮಲ್ಲಿ ಯುಗಾದಿಯ ಮಾರನೆಯ ದಿನ ಹೊಸತೊಡಕು, ಬಾಡೂಟ. ಸಂಜೆ ಬಿದಿಗೆ ಚಂದ್ರನನ್ನು ನೋಡಿ, ಕೈಮುಗಿದು, ಕಿರಿಯರು ಹಿರಿಯರ ಕಾಲಿಗೆ ಬೀಳುತ್ತಾರೆ. ಚಂದ್ರನನ್ನು ನೋಡಿದ ಹಿರಿಯ, ಕಾಲಿಗೆ ಬಿದ್ದವನನ್ನು ಎತ್ತಲೇಬೇಕು. ಎಂಥ ಜಗಳವಾಗಿದ್ದರೂ ಅಲ್ಲಿಗೆ ಮುಗಿಯಿತು. ಬೇರೆ ದಿನವಾದರೆ ಕಾಲು ಹಿಂದಕ್ಕೆಳೆದುಕೊಳ್ಳಬಹುದು, ಅವತ್ತು ಆಗುವುದಿಲ್ಲ. ಬಿದಿಗೆ ತಪ್ಪಿದರೆ ತದಿಗೆ. ಅದೂ ತಪ್ಪಿದರೆ ಮುಂದಿನ ವರ್ಷ.

ಮಾವ ಏನು ಮಾಡಿದರು ಗೊತ್ತೇ? ಚಂದ್ರನನ್ನೇ ನೋಡಲಿಲ್ಲ! ಹೊತ್ತು ಇಳಿಯುವ ಮುಂಚೆಯೇ ಕೊಟ್ಟಿಗೆಗೆ ಹೋಗಿ, ಪಡುವಲಿಗೆ ಬೆನ್ನು ಹಾಕಿ, ಎತ್ತಿನ ಮೈ ತಿಕ್ಕುತ್ತಾ ಕೂತರು. ಚಿಕ್ಕಮಾವ ಮಡಿ ಪಂಚೆ ಉಟ್ಟು ಅಂಗಳಕ್ಕೆ ಬಂದು, ಚಂದ್ರನಿಗೆ ಕೈಮುಗಿದು ನಿಂತರು. ‘ಅಣ್ಣ ನೋಡಿದ್ನಾ, ಅತ್ಗೆ?’ ಅಂತ ಕೇಳಿದರು. ‘ಇನ್ನೂ ಇಲ್ಲ ಕಣಪ್ಪ’ ಅಂದರು ಅತ್ತೆ. ಕತ್ತಲಾಯಿತು, ಚಂದ್ರ ಮುಳುಗಿದ. ತದಿಗೆಯ ಸಂಜೆಯೂ ಅದೇ ನಾಟಕ. ಆ ಎತ್ತಿನ ಮೈ ಅಷ್ಟು ಚೊಕ್ಕಟವಾಗಿದ್ದನ್ನು ನಾನು ಮುಂಚೆ ಕಂಡಿರಲಿಲ್ಲ. ನಗು ಬರಬೇಕಿತ್ತು, ಬರಲಿಲ್ಲ. ಇನ್ನೊಂದು ವರ್ಷ ನೀರು ಹೊರಬೇಕಲ್ಲ ಅನ್ನುವುದೊಂದೇ ನನ್ನ ತಲೆಯಲ್ಲಿ.

ಆಗ ನನಗೆ ತಿಂಗಳು ನಿಂತಿತ್ತು. ಮಳೆಗಾಲ ಶುರುವಾದ ಮೇಲೆ ಬದುವಿನ ಮೇಲೆ ಕಾಲು ಊರುವುದೇ ಕಷ್ಟ. ಜಾರಿಯೂ ಬೀಳಲಿಲ್ಲ, ಎಡವಲೂ ಇಲ್ಲ. ಒಂದು ಸಂಜೆ ಬಿಂದಿಗೆ ಇಳಿಸಿ ಎದ್ದು ನಿಂತೆ, ಹೊಟ್ಟೆ ಹಿಂಡಿದಂತಾಯಿತು. ರಾತ್ರಿಗೆ ಎಲ್ಲ ಹೋಯಿತು. ಚಿಕ್ಕತ್ತೆ ಓಡಿ ಬಂದು ಅತ್ತೆಯ ಜೊತೆ ನನ್ನನ್ನು ನೋಡಿಕೊಂಡರು. ಯಾಕೆ ಹೋಯಿತು ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮಾವ ಜಗುಲಿಯ ಮೇಲೆ ಕೂತೇ ಇದ್ದರು. ಅತ್ತೆ ಕೆಲವು ದಿನ ಸೊಂಟ ಹಿಡಿದುಕೊಂಡು ತಾವೇ ನೀರಿಗೆ ಹೋದರು. ಅವರು ನರಳುವುದನ್ನು ಕೇಳಲಾರದೆ ಬಿಂದಿಗೆ ಮತ್ತೆ ನಾನೇ ತಗೊಂಡೆ.

ಆಗ ಬಂದ ಸುಸ್ತು ಆಮೇಲೆ ಹೋಗಲೇ ಇಲ್ಲ. ಬೆಳಿಗ್ಗೆ ಏಳುವಾಗಲೇ ಸುಸ್ತು. ಕಾರ್ತೀಕದ ಹೊತ್ತಿಗೆ ಮತ್ತೆ ಬಸುರಾದೆ. ಈ ಸಲ ಸಂತೋಷಪಡಲೂ ಭಯ. ಎಲ್ಲ ದೇವರಿಗೂ ಕೇಳಿಕೊಂಡದ್ದು ಒಂದೇ, ನನ್ನ ಮಗು ನಿಲ್ಲಲಿ, ಈ ಮುದುಕ ಒಂದು ಸಲ ತಲೆ ಎತ್ತಿ ಆಕಾಶ ನೋಡಲಿ.

ಜಗಳವಾದ ಮೇಲಿನ ಎರಡನೆಯ ಯುಗಾದಿಗೆ ನನಗೆ ಐದು ತಿಂಗಳು. ಹೊಸತೊಡಕಿನ ದಿನ ಮಾಂಸ ತೊಳೆಯಲು, ಪಾತ್ರೆಗೆ, ಸ್ನಾನಕ್ಕೆ ಅಂತ ನೀರು ಸುರಿದಷ್ಟೂ ಸಾಲದು. ಕೊನೆಯ ಬಿಂದಿಗೆ ಹೊತ್ತು ಬರುವಾಗ ಹೊತ್ತು ಮುಳುಗಿತ್ತು. ನಮ್ಮವರು ಗಿರಣಿಯಿಂದ ಇನ್ನೂ ಬಂದಿರಲಿಲ್ಲ. ಅಂಗಳದಲ್ಲಿ ಅತ್ತೆ, ಚಿಕ್ಕಮಾವ, ಚಿಕ್ಕತ್ತೆ ಪಡುವಲಿಗೆ ಮುಖ ಮಾಡಿ ನಿಂತಿದ್ದರು. ಮಾವ ಎಲ್ಲಿ? ಕೊಟ್ಟಿಗೆಯಲ್ಲಿ. ಎತ್ತು ತಿಕ್ಕುತ್ತಾ.

ಆದರೆ ಬೇಸಾಯದ ಮನುಷ್ಯ ಚಂದ್ರನನ್ನು ನೋಡದೆ ಇದ್ದಾನು, ಅವನ ಕೋಡು ಯಾವ ಕಡೆ ಎತ್ತರ ಅಂತ ಕೇಳದೆ ಇರಲಾರ. ಬಡಗಲ ಕೋಡು ಮೇಲಿದ್ದರೆ ಮಳೆ ಬೆಳೆ ಚೆನ್ನ, ತೆಂಕಲ ಕೋಡು ಮೇಲಿದ್ದರೆ ಒಣ ವರ್ಷ ಅನ್ನುತ್ತಿದ್ದರು ನಮ್ಮಲ್ಲಿ. ಕೊಟ್ಟಿಗೆಯೊಳಗಿಂದ ದನಿ ಬಂತು. ‘ಯಾವ ಕೋಡೇ ಮ್ಯಾಲೈತೆ?’

‘ಬಡಗ್ಲು’ ಅಂದರು ಅತ್ತೆ.

‘ಅಲ್ಲ ಅತ್ಗೆ, ತೆಂಕ್ಲು’ ಅಂದರು ಚಿಕ್ಕಮಾವ, ಕೊಟ್ಟಿಗೆಗೆ ಕೇಳಿಸುವಂತೆ.

‘ನಂಗೇನು ಕಣ್ಣು ಕಾಣಕ್ಕಿಲ್ವಾ? ಬಡಗ್ಲೇ.’

‘ಸರಿಯಾಗಿ ನೋಡಿ ಅಂತೀನಿ.’

ಒಳಗೆ ತಿಕ್ಕುವ ಸದ್ದು ನಿಂತಿತು. ನನ್ನ ಹೆಜ್ಜೆಯ ಸದ್ದು ಮಾವನಿಗೆ ಕೇಳಿಸಿರಬೇಕು. ‘ನಿನ್ನ ಕಣ್ಣು ಎಳೇವು, ನೀನೇಳವ್ವ. ಯಾವ್ದು ಮ್ಯಾಲೈತೆ?’

ತಲೆ ಎತ್ತಿದ್ದರೆ ಎದುರಿಗೇ ಚಂದ್ರ. ನಲ್ಲಿಯಿಂದ ಮನೆಯವರೆಗೂ ನನ್ನ ಮುಂದೆಯೇ ಇದ್ದನಂತೆ. ಇದ್ದ ಸತ್ಯ ಹೇಳಿದೆ. ‘ನಾನು ನೋಡ್ನಿಲ್ಲ ಮಾವ. ಜಾರಿ ಬಿದ್ದೇನು ಅಂತ ನೆಲ ನೋಡ್ಕಂಡು ಬಂದೆ.’

ಮಾವ ಕೊಟ್ಟಿಗೆಯಿಂದ ಹೊರಗೆ ಬಂದರು, ಕೈಯಲ್ಲಿ ಎತ್ತು ತಿಕ್ಕುವ ಹುಲ್ಲಿನ ಸಿಂಬೆ ಹಾಗೇ ಇತ್ತು. ‘ಯಾರ್ಗೂ ಕಣ್ಣಿಲ್ವೇನ್ರೇ ಈ ಮನೇಲಿ’ ಎಂದು ಗೊಣಗುತ್ತಾ ಅಂಗಳದ ನಡುವೆ ನಿಂತು ತಲೆ ಎತ್ತಿದರು. ನೋಡಿದರು. ಬಹಳ ಹೊತ್ತು ನೋಡಿದರು.

‘ತೆಂಕ್ಲೇ ಮ್ಯಾಲೈತೆ’ ಅಂದರು. ‘ಅವನು ಹೇಳಿದ್ದೇ ಸರಿ.’

ಚಿಕ್ಕಮಾವ ಆ ಮಾತು ಮುಗಿಯುವುದಕ್ಕೂ ಬಿಡಲಿಲ್ಲ, ಅಣ್ಣನ ಕಾಲಿನ ಮೇಲೆ ಬಿದ್ದಿದ್ದರು. ಮಾವ ಅವರ ರಟ್ಟೆ ಹಿಡಿದು ಎತ್ತಿದರು. ‘ಏಳೋ. ನಮಸ್ಕಾರ ಆಮ್ಯಾಕೆ. ಮೊದ್ಲು ಆ ಮಗಳ ಸೊಂಟದಿಂದ ಬಿಂದಿಗೆ ಇಳಿಸು. ನಾಳಿಂದ ಅವಳು ಆ ದಾರಿ ತುಳೀಬಾರ್ದು.’

ಚಿಕ್ಕಮಾವ ನನ್ನ ಕೈಯಿಂದ ಬಿಂದಿಗೆ ತಗೊಂಡರು. ಸೊಂಟ ಹಗುರವಾಯಿತು. ನಾನು ಅಳಬೇಕಿತ್ತು, ಇಲ್ಲವೇ ನಗಬೇಕಿತ್ತು. ನನಗೆ ಬಂದದ್ದು ಸಿಟ್ಟು. ಹೊಟ್ಟೆಯೊಳಗಿಂದ ಎದ್ದು ಬಂದ ಸಿಟ್ಟು. ಹಾಗಾದರೆ ಈ ಮನುಷ್ಯನಿಗೆ ಗೊತ್ತಿತ್ತು! ಆ ದಾರಿ, ಆ ಬಿಂದಿಗೆ, ಆ ರಾತ್ರಿ ಏನಾಯಿತು, ಎಲ್ಲ ಗೊತ್ತಿದ್ದೂ ಎತ್ತು ತಿಕ್ಕುತ್ತಾ ಕೂತಿದ್ದರು.

ಮಾವನ ಕಾಲನ್ನು ಅತ್ತೆ ಮುಟ್ಟಿದರು. ಚಿಕ್ಕತ್ತೆ ಮುಟ್ಟಿದರು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು, ಮನೆಗೆ ಕಿರಿಯವಳು ನಾನೇ. ಮಾವ ಕಾಲು ಜೋಡಿಸಿ ನಿಂತಿದ್ದರು. ನಾನು ನಿಂತ ಕಡೆಯಿಂದ ಅಲ್ಲಾಡಲಿಲ್ಲ. ಬಗ್ಗು ಅಂತ ಮನಸ್ಸಿಗೆ ಹೇಳಿದೆ, ಕೇಳಲಿಲ್ಲ.

ಅತ್ತೆ ನನ್ನ ಮುಖ ನೋಡಿದರು. ಅವರಿಗೆ ಎಲ್ಲ ಅರ್ಥವಾಗಿತ್ತು. ‘ಬಸ್ರಿ ಹೆಂಗ್ಸು, ಬಗ್ಗಾಕಾಯ್ತದಾ? ಬಿಡಿ’ ಅಂದರು.

‘ಹೂಂ, ಬಗ್ಗೋದು ಬ್ಯಾಡ’ ಅಂದರು ಮಾವ. ಅವರ ದನಿ ಸಣ್ಣದಾಗಿತ್ತು. ಮತ್ತೆ ಕೊಟ್ಟಿಗೆಯ ಕಡೆ ಹೋದರು.

ಮಾರನೆಯ ಬೆಳಿಗ್ಗೆ ಬಾವಿಯ ನೀರು ಮನೆಗೆ ಬಂತು. ಶ್ರಾವಣದಲ್ಲಿ ಮಗ ಹುಟ್ಟಿದ. ಮಾವ ಇನ್ನೂ ಬಹಳ ವರ್ಷ ಬದುಕಿದರು, ಪ್ರತಿ ಬಿದಿಗೆಗೂ ಎಲ್ಲರಿಗಿಂತ ಮುಂಚೆ ಅಂಗಳದಲ್ಲಿ ನಿಲ್ಲುತ್ತಿದ್ದರು. ನಾನೂ ಎಲ್ಲರ ಹಾಗೆ ಅವರ ಕಾಲು ಮುಟ್ಟುತ್ತಿದ್ದೆ. ಪ್ರತಿ ಸಲವೂ ಅವರು, ನಾನು ಬಸುರಿಯಲ್ಲದ ವರ್ಷವೂ, ‘ಬಗ್ಗಬ್ಯಾಡ ಕಣವ್ವ, ಬಿಡು’ ಅನ್ನುತ್ತಿದ್ದರು.